ಅಪ್ಪನಿಗೆ ಮರೆವಲ್ಲ, ನಿಧಾನ: ಮಿದುಳಿನ ಸಣ್ಣ ರಕ್ತನಾಳದ ತೊಂದರೆ ಬಗ್ಗೆ ಗೊತ್ತಿರುವವರು ಹೇಳಿ

ಶಿಡ್ಲಘಟ್ಟದ ರೀಲರ್ ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 68 ವರ್ಷ. ನಲವತ್ತು ವರ್ಷದಿಂದ ರೇಷ್ಮೆ ನೂಲು ಬಿಚ್ಚಿಸುವ ಕೆಲಸ. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಅವರು ಹೋದರೆ ನನಗೆ ಚಿಂತೆ ಇರಲಿಲ್ಲ. ಒಂದು ಗೂಡು ಕೈಗೆ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿ, ಎರಡು ಬೆರಳಲ್ಲಿ ಒತ್ತಿ ನೋಡಿ, ಈ ಲಾಟ್ ಎಷ್ಟು ನೂಲು ಬಿಡುತ್ತದೆ ಅಂತ ಹೇಳಿಬಿಡುತ್ತಿದ್ದರು. ಹರಾಜು ಮೊಬೈಲಿಗೆ ಬಂದಾಗ ಅದನ್ನೂ ನನಗಿಂತ ಮೊದಲು ಕಲಿತರು.

ಒಂದೂವರೆ ವರ್ಷದಿಂದ ಏನೋ ಬದಲಾಗಿದೆ. ಗೂಡು ನೋಡಿ ಹೇಳುವ ಲೆಕ್ಕ ಈಗಲೂ ತಪ್ಪುವುದಿಲ್ಲ. ಆದರೆ ಬೆಲೆ ಒತ್ತುವಷ್ಟರಲ್ಲಿ ಲಾಟ್ ಬೇರೆಯವರ ಪಾಲಾಗಿರುತ್ತದೆ. ಬೆರಳು ಮೇಲೆತ್ತಿಕೊಂಡು ಮೊಬೈಲ್ ನೋಡುತ್ತಾ ನಿಂತುಬಿಡುತ್ತಾರೆ. ಒಂದು ದಿನ ನಾನು ಪಕ್ಕದಲ್ಲೇ ಇದ್ದು "ಒತ್ತಪ್ಪ, ಬೇಗ ಒತ್ತಪ್ಪ" ಅಂತ ಎಲ್ಲರೆದುರು ಜೋರು ಮಾಡಿಬಿಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ಮೊಬೈಲ್ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕಟ್ಟೆ ಮೇಲೆ ಕೂತರು. ಆ ದೃಶ್ಯ ಇನ್ನೂ ಕಣ್ಣ ಮುಂದೆ ಇದೆ.

ಹೆಸರು, ಮುಖ, ಸಾಲ ಕೊಟ್ಟಿದ್ದು ತಗೊಂಡಿದ್ದು ಎಲ್ಲ ನೆನಪಿದೆ. ಆದರೆ ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತದೆ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದು ಬಿಟ್ಟುಹೋಗುತ್ತದೆ. ನಡೆಯುವಾಗ ಕಾಲು ಸ್ವಲ್ಪ ಅಗಲ ಮಾಡಿಕೊಂಡು ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಾರೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ, ತಡೆದುಕೊಳ್ಳಲು ಆಗುವುದಿಲ್ಲ ಅನ್ನುತ್ತಾರೆ. ಯಾವುದರಲ್ಲೂ ಮೊದಲಿನ ಉಮೇದು ಇಲ್ಲ. ಹತ್ತು ವರ್ಷದಿಂದ ಬಿಪಿ, ಆರು ವರ್ಷದಿಂದ ಶುಗರ್. ಬಿಪಿ ಮಾತ್ರೆಯನ್ನು ತಲೆ ಭಾರ ಅನಿಸಿದ ದಿನ ಮಾತ್ರ ತಗೊಳ್ಳುತ್ತಿದ್ದರು ಅಂತ ಈಚೆಗೆ ಗೊತ್ತಾಯಿತು.

ಎಂಆರ್‌ಐ ಮಾಡಿಸಿದೆವು. ಮಿದುಳಿನ ಎರಡೂ ಕಡೆ ಸಣ್ಣ ರಕ್ತನಾಳದ ಬದಲಾವಣೆ, ಫಜೆಕಾಸ್ 2, ಹಳೆಯ ಲಕೂನ್ ಎರಡು ಅಂತ ಬರೆದಿದ್ದಾರೆ. ತೋರಿಸಿದ ಕಡೆ ಎರಡೇ ನಿಮಿಷದಲ್ಲಿ "ವಯಸ್ಸಾಯ್ತಲ್ವಾ, ಇದೆಲ್ಲ ಇದ್ದದ್ದೇ" ಅಂದು ಕಳಿಸಿದರು. ಮನೆಯಲ್ಲಿ ಸೋದರತ್ತೆ ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ. ಇದು ಮರೆವಿನ ಕಾಯಿಲೆಯಾ? ಲಕ್ವ ಹೊಡೆಯುವ ಸೂಚನೆಯಾ? ನಾವೇನು ಮಾಡಬೇಕು?

ಗುಬ್ಬಿಯ ಸೊಸೆ

ಅಣ್ಣ, ಓದುತ್ತಾ ನಮ್ಮ ಅತ್ತೆಯವರೇ ಕಣ್ಣ ಮುಂದೆ ಬಂದರು. ಅವರಿಗೆ 72. ಮುದ್ದೆಗೆ ಎಸರು ಕುದಿಯುತ್ತಿರುತ್ತದೆ, ರಾಗಿ ಹಿಟ್ಟಿನ ಡಬ್ಬಿ ಪಕ್ಕದಲ್ಲೇ ಇರುತ್ತದೆ, ಕೋಲು ಕೈಯಲ್ಲೇ ಇರುತ್ತದೆ. ಆದರೂ ಸುಮ್ನೆ ಪಾತ್ರೆ ನೋಡುತ್ತಾ ನಿಂತಿರುತ್ತಾರೆ. "ಅತ್ತೆ, ಹಿಟ್ಟು" ಅಂತ ಒಂದು ಮಾತು ಹೇಳಿದರೆ ಸಾಕು. ಆಮೇಲೆ ಹಿಟ್ಟು ಹಾಕುವುದು, ಬೇಯಲು ಬಿಡುವುದು, ಗಂಟಿಲ್ಲದ ಹಾಗೆ ತಿರುವುವುದು, ಉಂಡೆ ಕಟ್ಟುವುದು ಎಲ್ಲ ಕೈ ತಾನೇ ಮಾಡುತ್ತದೆ. ನನಗಿಂತ ಚೆನ್ನಾಗಿ ಮಾಡುತ್ತಾರೆ.

ಬೇಕಂತಲೇ ಹೀಗೆ ಮಾಡುತ್ತಾರೆ ಅಂತ ನಾನು ಒಂದು ವರ್ಷ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವರಿಗೂ ಸ್ಕ್ಯಾನಿಂಗಿನಲ್ಲಿ ಇದೇ ಬಂದಿದೆ.

ಮಾಲೂರು ಹುಡುಗ

ನಮ್ಮ ತಾತನಿಗೂ ಇದೇ. ಉತ್ತರ ಬಂದರೆ ನಾನೂ ಓದುತ್ತೇನೆ.

ತುಮಕೂರು, ನ್ಯೂರಾಲಜಿ ಕಲಿಯುತ್ತಿರುವವನು

ನಿಮ್ಮ ತಂದೆಯವರನ್ನು ನಾನು ನೋಡಿಲ್ಲ. ಹಾಗಾಗಿ ಅವರಿಗೆ ಇಂಥದ್ದೇ ಮಾಡಿ ಅಂತ ಹೇಳುವುದಿಲ್ಲ. ರಿಪೋರ್ಟಿನ ಮಾತುಗಳನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ಮಿದುಳಿನ ತೂಕ ಮೈ ತೂಕದಲ್ಲಿ ಸುಮಾರು ಶೇ 2. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ದೊಡ್ಡ ರಕ್ತನಾಳಗಳು ಮಿದುಳಿನ ತಳದಲ್ಲಿ, ಮೇಲ್ಮೈಯಲ್ಲಿ ಹರಿಯುತ್ತವೆ. ಅವುಗಳಿಂದ ಕೂದಲೆಳೆಯಂಥ ಕವಲುಗಳು ಒಳಕ್ಕೆ ಇಳಿಯುತ್ತವೆ. ಇವು ಒಂದು ಮಿಲಿಮೀಟರಿಗಿಂತ ಸಣ್ಣವು. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದರೆ ಇವುಗಳ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ. ಗೋಡೆ ಸೋರುವುದೂ ಉಂಟು. ಶುಗರ್, ಬೀಡಿ ಸಿಗರೇಟು, ವಯಸ್ಸು ಎಲ್ಲ ಇದಕ್ಕೆ ಸೇರಿಕೊಳ್ಳುತ್ತವೆ. ಕೆಲವು ಮನೆತನಗಳಲ್ಲಿ ಜೀನ್‌ನಿಂದಲೂ ಬರುತ್ತದೆ, ಆದರೆ ಅದು ಅಪರೂಪ. ಅಂಥವರಿಗೆ ಸಾಮಾನ್ಯವಾಗಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ.

ಮಿದುಳಿನ ಒಳಗಿನ ಬಿಳಿ ಭಾಗ ಅಂದರೆ ವೈರುಗಳ ಕಟ್ಟು. ಒಂದು ಜಾಗದ ಸುದ್ದಿಯನ್ನು ಇನ್ನೊಂದು ಜಾಗಕ್ಕೆ ಒಯ್ಯುವುದು ಅದರ ಕೆಲಸ. ರಕ್ತ ಸರಿಯಾಗಿ ಸಿಗದೆ ಈ ವೈರುಗಳ ಹೊದಿಕೆ ಹಾಳಾದ ಕಡೆ ಎಂಆರ್‌ಐನಲ್ಲಿ ಬೆಳ್ಳಗೆ ಕಾಣುತ್ತದೆ. ಅದನ್ನು ಅಳೆಯುವ ದರ್ಜೆಗೆ ಫಜೆಕಾಸ್ ಅಂತ ಹೆಸರು. ಆಸ್ಟ್ರಿಯಾದ ಒಬ್ಬ ನರರೋಗ ವೈದ್ಯರ ಹೆಸರದು, 1987ರಿಂದ ಬಳಕೆಯಲ್ಲಿದೆ. 0 ಅಂದರೆ ಏನೂ ಇಲ್ಲ, 1 ಅಂದರೆ ಬಿಡಿ ಚುಕ್ಕೆ, 2 ಅಂದರೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳಲು ಶುರುವಾಗಿವೆ, 3 ಅಂದರೆ ದೊಡ್ಡದಾಗಿ ಹರಡಿದೆ. ಲಕೂನ್ ಅಂದರೆ ಒಂದು ಸಣ್ಣ ನಾಳ ಪೂರ್ತಿ ಕಟ್ಟಿಕೊಂಡು ಅದರ ಪಾಲಿನ ಜಾಗ ಸತ್ತು ಉಳಿದ ಗುಳಿ. 3ರಿಂದ 15 ಮಿಲಿಮೀಟರ್ ಇರುತ್ತದೆ. ಕೈಕಾಲು ಬೀಳದೆ, ಮಾತು ತೊದಲದೆ, ಯಾರಿಗೂ ಗೊತ್ತಾಗದ ಹಾಗೆ ಇದು ಆಗಿಹೋಗಿರಬಹುದು.

ಈಗ ಬುದ್ಧಿಯ ವಿಷಯ. ನೀವು ಬರೆದದ್ದು ಈ ತೊಂದರೆಗೆ ಚೆನ್ನಾಗಿ ಹೊಂದುತ್ತದೆ. ಮಿದುಳಿನ ಮುಂಭಾಗ ಯೋಜನೆ ಹಾಕುತ್ತದೆ, ಕೆಲಸ ಶುರು ಮಾಡಿಸುತ್ತದೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುತ್ತದೆ. ಅಲ್ಲಿಂದ ಒಳಕ್ಕೆ ಹೋಗುವ ವೈರುಗಳೇ ಇಲ್ಲಿ ಮೊದಲು ಪೆಟ್ಟು ತಿನ್ನುವುದು. ಹಾಗಾಗಿ ಮೊದಲು ಹೋಗುವುದು ವೇಗ. ಆಮೇಲೆ ಎರಡು ಕೆಲಸ ಒಟ್ಟಿಗೆ ಹಿಡಿಯುವ ಶಕ್ತಿ. ಮರೆವಿನ ಕಾಯಿಲೆಯಾದ ಅಲ್ಜೈಮರ್‌ನಲ್ಲಿ ಸಾಮಾನ್ಯವಾಗಿ ಹೊಸ ವಿಷಯ ಒಳಗೆ ಉಳಿಯುವುದೇ ಇಲ್ಲ. ಇಲ್ಲಿ ವಿಷಯ ಒಳಗಿರುತ್ತದೆ, ಹೊರಗೆ ತರುವುದು ತಡ. ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರೆ ಒಂದು ಬರದೆ ಇರಬಹುದು. "ಅದೊಂದು ಹಣ್ಣು" ಅಂತ ಸುಳಿವು ಕೊಟ್ಟರೆ "ಸೀಬೆ" ಅಂತ ಥಟ್ಟನೆ ಬರುತ್ತದೆ. ಗುಬ್ಬಿಯ ಅಕ್ಕ "ಹಿಟ್ಟು" ಅಂದಾಗ ಆಗುವುದು ಇದೇ.

ವಯಸ್ಸಾದವರಲ್ಲಿ ಆ ಕಾಯಿಲೆ, ಈ ಸಣ್ಣ ನಾಳದ ತೊಂದರೆ ಎರಡೂ ಒಟ್ಟಿಗೆ ಇರುವುದೂ ಸಾಮಾನ್ಯ. ಅದಕ್ಕೇ ಸರಿಯಾಗಿ ಪರೀಕ್ಷೆ ಆಗಬೇಕು.

ನಡಿಗೆ, ಮೂತ್ರದ ಅವಸರ, ಉಮೇದು ಹೋಗುವುದು, ಇವು ಬೇರೆ ಬೇರೆ ಕಾಯಿಲೆ ಅಂತ ನಾವು ಬೇರೆ ಬೇರೆ ಡಾಕ್ಟರ ಹತ್ತಿರ ಓಡಾಡುತ್ತೇವೆ. ಹಲವು ಸಲ ಎಲ್ಲ ಒಂದೇ ಬೇರಿನಿಂದ ಬಂದಿರುತ್ತವೆ. ಕೆಲವರಿಗೆ ಸಣ್ಣ ಮಾತಿಗೂ ಅಳು ಬರುತ್ತದೆ, ದುಃಖ ಇಲ್ಲದಿದ್ದರೂ. ಅದೂ ಇದರದೇ ಭಾಗ ಆಗಿರಬಹುದು.

ಚಿಂತಾಮಣಿ ಟೊಮೆಟೊ ರೈತ

ಡಾಕ್ಟ್ರೇ, ನನಗೆ ಅರ್ಥವಾದದ್ದು ಸರಿಯಾ ನೋಡಿ. ನಮ್ಮದು ಎರಡು ಎಕರೆ ಡ್ರಿಪ್. ಬೋರ್ ನೀರು ಗಡಸು. ಮೇನ್ ಪೈಪಿನಲ್ಲಿ ಪ್ರೆಶರ್ ಚೆನ್ನಾಗಿರುತ್ತದೆ, ವಾಲ್ವ್ ಸರಿ ಇರುತ್ತದೆ. ಆದರೂ ಸಾಲಿನ ಕೊನೆಯ ಗಿಡಗಳು ಬಾಡುತ್ತಿರುತ್ತವೆ. ಬಗ್ಗಿ ನೋಡಿದರೆ ಡ್ರಿಪ್ಪರ್ ಬಾಯಲ್ಲಿ ಬೆಳ್ಳಗೆ ಉಪ್ಪು ಕಟ್ಟಿರುತ್ತದೆ. ಗಿಡ ಒಂದೇ ದಿನಕ್ಕೆ ಸಾಯುವುದಿಲ್ಲ. ಮೊದಲು ಎಲೆ ಜೋಲುತ್ತದೆ, ಕಾಯಿ ಸಣ್ಣದಾಗುತ್ತದೆ. ನಮ್ಮ ಅಣ್ಣನಿಗೆ ಕತ್ತಿನ ರಕ್ತನಾಳದ ಸ್ಕ್ಯಾನ್ ಮಾಡಿ ಎಲ್ಲ ಸರಿ ಇದೆ ಅಂದರು, ಆದರೂ ತೊಂದರೆ ಇದೆ ಅಂದರು. ಅದು ಹೇಗೆ ಅಂತ ಈಗ ತಿಳಿಯಿತು. ಮೇನ್ ಪೈಪ್ ಸರಿ ಇದೆ, ಕೊನೆ ಸಾಲಿಗೆ ನೀರಿಲ್ಲ.

ನಾವು ಆಸಿಡ್ ಬಿಟ್ಟು ಪೈಪ್ ತೊಳೆಯುತ್ತೇವೆ. ಇಲ್ಲೂ ಹಾಗೆ ಆಗುತ್ತದಾ? ನಾಳ ಕ್ಲೀನ್ ಮಾಡುವ ಬಾಟಲಿ ಹತ್ತು ಹಾಕಿಸಿ, ಎಲ್ಲ ಬಿಚ್ಚಿಕೊಳ್ಳುತ್ತದೆ ಅಂತ ಒಂದು ಕಡೆ ಅಣ್ಣನಿಗೆ ಹೇಳಿದ್ದಾರೆ. ಮುಂಗಡ ಕೇಳುತ್ತಿದ್ದಾರೆ.

ತುಮಕೂರು, ನ್ಯೂರಾಲಜಿ ಕಲಿಯುತ್ತಿರುವವನು

ಕೊಡಬೇಡಿ. ಆ ದುಡ್ಡನ್ನು ಉಳಿಸಿಕೊಳ್ಳಿ.

ನೀವು ಹೇಳಿದ್ದು ಬಹಳ ಹತ್ತಿರ ಬರುತ್ತದೆ. ಆ ಒಳನಾಳಗಳಿಗೆ ಪಕ್ಕದ ಸಾಲಿನಿಂದ ನೀರು ಬರುವ ದಾರಿ ಇಲ್ಲ ಅನ್ನುವಷ್ಟು ಕಡಿಮೆ. ಒಂದು ಕಟ್ಟಿದರೆ ಅದರ ಗಿಡ ಒಣಗಿತು ಅಂತಲೇ ಲೆಕ್ಕ. ಆದರೆ ಇಲ್ಲಿ ಒಳಗೆ ಉಪ್ಪು ಕೂತಿಲ್ಲ. ಪೈಪಿನ ಗೋಡೆಯೇ ದಪ್ಪವಾಗಿದೆ. ಅದನ್ನು ತೊಳೆದು ತೆಗೆಯುವ ಬಾಟಲಿ ಯಾವುದೂ ಇಲ್ಲ. ನಮ್ಮ ಕೈಯಲ್ಲಿರುವುದು ಪಂಪಿನ ಪ್ರೆಶರ್. ಅದನ್ನು ಸರಿ ಇಟ್ಟರೆ ಇನ್ನೂ ಸರಿಯಾಗಿರುವ ಸಾಲುಗಳು ಉಳಿಯುತ್ತವೆ.

ಇದಕ್ಕೆ ಆಧಾರ ಇದೆ. ಅಮೆರಿಕದಲ್ಲಿ 50 ದಾಟಿದ, ಬಿಪಿ ಇರುವ 9,361 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗೆ, ಇನ್ನೊಂದಕ್ಕೆ 140ಕ್ಕಿಂತ ಕೆಳಗೆ ತರುವ ಗುರಿ. ಸ್ಪ್ರಿಂಟ್ ಅಂತ ಅದರ ಹೆಸರು. 2019ರಲ್ಲಿ ಬಂದ ಲೆಕ್ಕದಲ್ಲಿ, ಬಿಪಿಯನ್ನು ಜಾಸ್ತಿ ಇಳಿಸಿದ ಗುಂಪಿನಲ್ಲಿ ಬುದ್ಧಿ ಸ್ವಲ್ಪ ಮಂಕಾಗುವ ಹಂತ, ಅಂದರೆ ಡಿಮೆನ್ಷಿಯಾಕ್ಕಿಂತ (ದಿನದ ಕೆಲಸವೂ ತಾನೇ ಮಾಡಿಕೊಳ್ಳಲಾಗದಷ್ಟು ಬುದ್ಧಿ ಕುಂದುವುದು) ಹಿಂದಿನ ಹಂತ, ಸುಮಾರು ಶೇ 19 ಕಡಿಮೆ ಇತ್ತು. ಸ್ಕ್ಯಾನಿಂಗಿನ ಬಿಳಿ ಚುಕ್ಕೆಗಳೂ ನಿಧಾನವಾಗಿ ಹೆಚ್ಚಿದವು. ಪೂರ್ತಿ ಡಿಮೆನ್ಷಿಯಾ ಕಡಿಮೆ ಆಯಿತು ಅಂತ ಆ ಅಧ್ಯಯನ ಖಚಿತವಾಗಿ ತೋರಿಸಲಿಲ್ಲ. ಇನ್ನೊಂದು ಮಾತು. ಅದರಲ್ಲಿ ಶುಗರ್ ಇರುವವರನ್ನು, ಮೊದಲೇ ಸ್ಟ್ರೋಕ್ (ಲಕ್ವ) ಆದವರನ್ನು ಸೇರಿಸಿರಲಿಲ್ಲ. ಆದ್ದರಿಂದ 120 ಅನ್ನುವ ಸಂಖ್ಯೆ ಹಿಡಿದುಕೊಂಡು ಮನೆಯಲ್ಲೇ ಮಾತ್ರೆ ಏರಿಸಬೇಡಿ. ಗುರಿ ಎಷ್ಟು ಅನ್ನುವುದನ್ನು ನೋಡಿದ ಡಾಕ್ಟರೇ ಹೇಳಬೇಕು.

ಕೋಲಾರದ ನಿವೃತ್ತ ಸಿಸ್ಟರ್

ಮೂವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಮಗನೇ, ಅಪ್ಪ ತಲೆ ಭಾರ ಆದಾಗ ಮಾತ್ರ ಮಾತ್ರೆ ತಗೊಳ್ಳುತ್ತಿದ್ದರು ಅಂತ ಬರೆದಿದ್ದೀಯಲ್ಲ, ನನಗೆ ಅಲ್ಲೇ ಕಣ್ಣು ನಿಂತಿತು. ನಮ್ಮ ಕಡೆ ನೂರಕ್ಕೆ ನೂರು ಮನೆಯಲ್ಲೂ ಕೇಳುವ ಮಾತಿದು. ಬಿಪಿ ತಲೆಗೆ ಗೊತ್ತಾಗುವುದಿಲ್ಲ. 170 ಇದ್ದರೂ ಆರಾಮಾಗಿ ಟೀ ಕುಡಿಯುತ್ತಾ ಮಾತಾಡುತ್ತಿರುತ್ತಾರೆ.

ಮನೆಗೊಂದು ತೋಳಿಗೆ ಕಟ್ಟುವ ಬಿಪಿ ಮಿಷನ್ ತಗೊಳ್ಳಿ. ಮಣಿಕಟ್ಟಿನದು ಬೇಡ. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಒರಗು ಇರಲಿ, ಎರಡೂ ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ. ಮೂತ್ರ ಕಟ್ಟಿಕೊಂಡು ಕೂತರೂ ಬಿಪಿ ಜಾಸ್ತಿ ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಆಮೇಲೆ ಎದ್ದು ನಿಲ್ಲಿಸಿ ಮತ್ತೆ ನೋಡಿ. ನಿಂತಾಗ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ರಾತ್ರಿ ಮೂತ್ರಕ್ಕೆ ಏಳುವವರು ಬೀಳುವುದು ಹಾಗೇ. ಮಂಚದಿಂದ ಬಚ್ಚಲ ತನಕ ಒಂದು ಸಣ್ಣ ದೀಪ ಹಾಕಿ, ಚಾಪೆ ಮ್ಯಾಟು ತೆಗೆದುಬಿಡಿ.

ಉಪ್ಪಿನ ಮಾತು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೀ ಚಮಚಕ್ಕಿಂತ ಕಡಿಮೆ ಅದು. ನಾವು ಉಪ್ಪುಸಾರಿನ ಜನ, ಪಕ್ಕದಲ್ಲಿ ಉಪ್ಪಿನಕಾಯಿ, ಮೇಲೆ ಹಪ್ಪಳ. ಸಾರಿಗೆ ಉಪ್ಪು ಕಡಿಮೆ ಮಾಡಿ ತಟ್ಟೆಗೆ ಪುಡಿ ಉಪ್ಪು ಬಡಿಸಿಕೊಂಡರೆ ಏನು ಬಂತು? ಕಾರ, ಹುಣಸೆ, ನಿಂಬೆ ಜಾಸ್ತಿ ಮಾಡಿ ಹದಿನೈದು ದಿನ ನೋಡಿ, ನಾಲಿಗೆ ಒಗ್ಗಿಕೊಳ್ಳುತ್ತದೆ.

ಕೋಲಾರದವರಿಗೆ ಇನ್ನೊಂದು ಅನುಕೂಲ ಇದೆ. ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಜಿಲ್ಲೆಯಲ್ಲಿ. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಬಂದಾಗ "ನಮಗೇನೂ ಇಲ್ಲಮ್ಮ" ಅಂತ ಕಳಿಸಬೇಡಿ.

ಬಾಯಿ ಸೊಟ್ಟ ಆದರೆ, ಒಂದು ಕೈ ಕೆಳಗೆ ಬಿದ್ದರೆ, ಮಾತು ತೊದಲಿದರೆ, ಇದ್ದಕ್ಕಿದ್ದ ಹಾಗೆ ತೂರಾಡಿದರೆ ನಾಟಿ ಎಣ್ಣೆ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಸಿಗುವ ಸಮಯ ನಾಲ್ಕೂವರೆ ಗಂಟೆ. ಅದರಲ್ಲಿ ಒಂದು ಗಂಟೆ ಸ್ಕ್ಯಾನಿಂಗಿಗೇ ಹೋಗುತ್ತದೆ.

ತಿಪಟೂರು ಮೆಡಿಕಲ್ ಸ್ಟೋರ್

ಔಷಧಿ ಅಂಗಡಿಯಲ್ಲಿ ಕೂತು ದಿನಾ ನೋಡುವ ಎರಡು ವಿಷಯ ಹೇಳುತ್ತೇನೆ.

ಒಂದು, ಮೂತ್ರದ ಅವಸರಕ್ಕೆ ಕೊಡುವ ಕೆಲವು ಹಳೆಯ ಮಾತ್ರೆಗಳು, ಆಕ್ಸಿಬ್ಯುಟಿನಿನ್ ಥರದವು, ವಯಸ್ಸಾದವರ ತಲೆಯನ್ನು ಇನ್ನೂ ಮಂಕು ಮಾಡುತ್ತವೆ. ನೆಗಡಿಗೆ, ತುರಿಕೆಗೆ ಕೊಡುವ ನಿದ್ದೆ ಬರಿಸುವ ಮಾತ್ರೆಗಳೂ ಹಾಗೇ. ದಿನಾ ನಿದ್ದೆ ಮಾತ್ರೆ ನುಂಗುವವರದೂ ಅದೇ ಕಥೆ. ಒಬ್ಬ ಹಿರಿಯರ ಮಗಳು ಹಳೇ ಚೀಟಿಗಳನ್ನೆಲ್ಲ ತಂದು ನನ್ನ ಮುಂದೆ ಹರಡಿದರು. ನಾಲ್ಕು ಡಾಕ್ಟರು ಬರೆದ 11 ಮಾತ್ರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಒಬ್ಬ ಡಾಕ್ಟರಿಗೆ ತೋರಿಸಿ, ಯಾವುದು ಬೇಕು ಯಾವುದು ಬೇಡ ಕೇಳಿ ಅಂದೆ. ನೀವೂ ಹಾಗೇ ಮಾಡಿ. ನೀವಾಗಿಯೇ ನಿಲ್ಲಿಸಬೇಡಿ.

ಎರಡು, ಆಸ್ಪಿರಿನ್. ಸ್ಕ್ಯಾನಿಂಗ್ ಚೀಟಿ ನೋಡಿದ ತಕ್ಷಣ "ರಕ್ತ ತೆಳು ಮಾಡುವ ಮಾತ್ರೆ ಕೊಡಿ" ಅಂತ ಬರುತ್ತಾರೆ. ಡಾಕ್ಟರು ಬರೆದ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ. ಡಾಕ್ಟ್ರೇ, ಇದನ್ನು ನೀವೇ ಬಿಡಿಸಿ ಹೇಳಿ.

ತುಮಕೂರು, ನ್ಯೂರಾಲಜಿ ಕಲಿಯುತ್ತಿರುವವನು

ಸ್ಟೋರ್ ಅಣ್ಣ ಮಾಡಿದ್ದು ಸರಿ. ಸ್ಟ್ರೋಕ್ ಲಕ್ಷಣ ಯಾವತ್ತೂ ಇಲ್ಲದೆ, ಸುಮ್ನೆ ಸ್ಕ್ಯಾನಿಂಗಿನಲ್ಲಿ ಮಾತ್ರ ಬಿಳಿ ಚುಕ್ಕೆ ಕಂಡವರಿಗೆ ಆಸ್ಪಿರಿನ್ ಬೇಡ ಅಂತಲೇ 2021ರ ಯುರೋಪಿನ ಸ್ಟ್ರೋಕ್ ಮಾರ್ಗಸೂಚಿ ಹೇಳುತ್ತದೆ. ಇದೇ ಸಣ್ಣ ನಾಳಗಳು ಸೋರುವುದೂ ಉಂಟು ಅಂದೆನಲ್ಲ, ಎಂಆರ್‌ಐನಲ್ಲಿ ಸಣ್ಣ ರಕ್ತದ ಕಲೆ ಇರುವವರಿದ್ದಾರೆ. ಸ್ಟ್ರೋಕ್ ಆದವರ ಲೆಕ್ಕ ಬೇರೆ, ಅವರಿಗೆ ಡಾಕ್ಟರು ಬರೆದ ಮಾತ್ರೆ ಬಿಡಬಾರದು. ಆದರೆ ಆಸ್ಪಿರಿನ್ ಜೊತೆ ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ ಸೇರಿಸಿ ವರ್ಷಗಟ್ಟಲೆ ಕೊಟ್ಟರೆ ಇನ್ನೂ ಒಳ್ಳೆಯದಾ ಅಂತ ಲಕೂನ್ ಸ್ಟ್ರೋಕ್ ಆದ 3,020 ಜನರಲ್ಲಿ ನೋಡಿದರು. 2012ರಲ್ಲಿ ಬಂದ ಉತ್ತರ: ಮತ್ತೆ ಸ್ಟ್ರೋಕ್ ಆಗುವುದು ಕಡಿಮೆ ಆಗಲಿಲ್ಲ, ರಕ್ತಸ್ರಾವ ಜಾಸ್ತಿ ಆಯಿತು, ಸಾವೂ ಜಾಸ್ತಿ ಆಯಿತು.

ಶ್ರೀನಿವಾಸಪುರದ ಮಾವಿನ ತೋಟ

ನಮ್ಮ ತಾಲ್ಲೂಕಿನಲ್ಲಿ ನಡೆಯುತ್ತಿರುವ ಒಂದು ಕೆಲಸದ ಬಗ್ಗೆ ಇಲ್ಲಿ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬೆಂಗಳೂರಿನ ಐಐಎಸ್‌ಸಿ ಒಳಗಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷ ವರ್ಷವೂ ನೋಡುತ್ತಿದ್ದಾರೆ. ಗುರಿ 10,000 ಜನ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲ ಇದೆ. ನಾನೂ ಅದರಲ್ಲಿ ಇದ್ದೇನೆ.

ಮೊದಲು ನಮ್ಮೂರಿನಲ್ಲಿ ಹೆದರಿದ್ದರು. ರಕ್ತ ಯಾಕೆ ತಗೊಳ್ಳುತ್ತಾರೆ, ತಲೆ ಫೋಟೋ ಯಾಕೆ ಅಂತ. ನಮ್ಮ ಹಿರಿಯರಿಗೆ ಆದದ್ದು ಏನು ಅಂತ ಯಾರೂ ಬರೆದಿಟ್ಟಿಲ್ಲ. ಅರಳುಮರಳು ಅಂದರು, ಮುಗಿಯಿತು. ನಮ್ಮ ರಾಗಿ ಊಟ, ನಮ್ಮ ಕೆಲಸ, ನಮ್ಮ ಬಿಪಿ, ನಮ್ಮ ಓದಿನ ಮಟ್ಟ, ಇವೆಲ್ಲ ಸೇರಿ ಮಿದುಳಿಗೆ ಏನು ಮಾಡುತ್ತವೆ ಅನ್ನುವುದು ನಮ್ಮವರನ್ನೇ ನೋಡಿ ಬರೆಯಬೇಕಲ್ವಾ? ಹಾಗಂತ ನನ್ನ ತಂಗಿಗೂ ಹೇಳಿ ಕಳಿಸಿದೆ.

ಗುಬ್ಬಿಯ ಸೊಸೆ

ದುಡ್ಡಿನ ವಿಷಯ ಕೇಳಲಾ? ಅತ್ತೆಯವರು ಹೋದ ತಿಂಗಳು ಬಾಗಿಲಿಗೆ ಬಂದವರು ಹೇಳಿದ ಕಡೆ ಸಹಿ ಹಾಕಿ ಒಂದು ಚೀಟಿ ಗುಂಪಿಗೆ ಸೇರಿಬಿಟ್ಟಿದ್ದರು. ಮೊದಲಾಗಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದವರು. ಬ್ಯಾಂಕ್ ಪುಸ್ತಕ, ಬೀರು ಬೀಗ ಎಲ್ಲ ನಾವೇ ಇಟ್ಟುಕೊಳ್ಳುವುದು ಒಳ್ಳೆಯದಲ್ವಾ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ.

ಶ್ರೀನಿವಾಸಪುರದ ಮಾವಿನ ತೋಟ

ಅದು ಸರಿಯೇ. ದುಡ್ಡು ಹೋದಮೇಲೆ ಅತ್ತರೆ ಬರುತ್ತದಾ? ತಗೊಂಡುಬಿಡಿ.

ಕೋಲಾರದ ನಿವೃತ್ತ ಸಿಸ್ಟರ್

ನಾನು ಒಪ್ಪುವುದಿಲ್ಲಪ್ಪ. ಬೀರು ಬೀಗ ಕಿತ್ತುಕೊಂಡ ದಿನದಿಂದ ಮನುಷ್ಯ ಅರ್ಧ ಆಗುತ್ತಾನೆ. ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಅವರಿಗೆ ತೀರ್ಮಾನ ಮಾಡಲು ಬರುವುದಿಲ್ಲ ಅಂತ ಅಲ್ಲ. ಅವಸರದಲ್ಲಿ ಮಾಡಲು ಬರುವುದಿಲ್ಲ. ಬಾಗಿಲಿಗೆ ಬಂದವನು ಅವಸರ ಮಾಡಿಸುತ್ತಾನೆ, ಅಲ್ಲಿ ಮೋಸ ಆಗುತ್ತದೆ. "ಯಾರು ಸಹಿ ಕೇಳಿದರೂ ನಾಳೆ ಬನ್ನಿ ಅನ್ನೋಣ ಅತ್ತೆ" ಅಂತ ಒಂದು ಕಟ್ಟುಪಾಡು ಮಾಡಿಕೊಳ್ಳಿ. ಒಂದು ರಾತ್ರಿ ಸಿಕ್ಕರೆ ಅವರೇ ಯೋಚನೆ ಮಾಡಿ ಹೇಳುತ್ತಾರೆ. ದೊಡ್ಡ ಮೊತ್ತಕ್ಕೆ ಬ್ಯಾಂಕಿನಲ್ಲಿ ಜಂಟಿ ಖಾತೆ ಮಾಡಿಸಿ. ಸಂತೆಯ ದುಡ್ಡು, ಮೊಮ್ಮಕ್ಕಳಿಗೆ ಕೊಡುವ ದುಡ್ಡು ಅವರ ಕೈಯಲ್ಲೇ ಇರಲಿ.

ಗುಬ್ಬಿಯ ಸೊಸೆ

"ನಾಳೆ ಬನ್ನಿ" ಅನ್ನುವುದು ಇಷ್ಟವಾಯಿತು ಸಿಸ್ಟರ್. ಅತ್ತೆಯವರನ್ನೇ ಕೂರಿಸಿಕೊಂಡು ಮಾತಾಡುತ್ತೇನೆ.

ಮಾಲೂರು ಹುಡುಗ

ಬರೀ ಬಿಪಿ ಮಾತ್ರೆನಾ? ತಾತನಿಗೆ ಪದಬಂಧ, ಮೊಬೈಲ್ ಗೇಮ್ ಹಾಕಿಕೊಟ್ಟರೆ ಬುದ್ಧಿ ಚುರುಕಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಫಿಜಿಯೋ, ಚಿಕ್ಕಬಳ್ಳಾಪುರ

ತಮ್ಮ, ತಾತನಿಗೆ ಇಷ್ಟ ಇದ್ದರೆ ಆಡಲಿ. ಇಲ್ಲದಿದ್ದರೆ ಅದು ಇನ್ನೊಂದು ಪರೀಕ್ಷೆ ಆಗುತ್ತದೆ. ನಾನು ಮೊದಲು ಹೇಳುವುದು ನಡಿಗೆ. ದಿನಾ ಅರ್ಧ ಗಂಟೆ, ಜೊತೆಗೊಬ್ಬರು ಇರಲಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಸಲ. ನಡೆಯುವಾಗ ಮಾತಾಡಿಸಬೇಡಿ. ಇವರಿಗೆ ನಡೆಯುವುದೂ ಯೋಚನೆ ಬೇಡುವ ಕೆಲಸ ಆಗಿರುತ್ತದೆ, ಮಾತಾಡಿಸಿದರೆ ಕಾಲು ನಿಲ್ಲುತ್ತದೆ ಅಥವಾ ಎಡವುತ್ತದೆ. ನಿಂತು ಮಾತಾಡಿ, ಆಮೇಲೆ ನಡೆಯಿರಿ.

ಕಿವಿ ಪರೀಕ್ಷೆ ಮಾಡಿಸಿ. ಅರ್ಧ ಕೇಳಿಸದೆ ಉತ್ತರ ತಡ ಆಗುವವರೂ ಇದ್ದಾರೆ.

ತುಮಕೂರು, ನ್ಯೂರಾಲಜಿ ಕಲಿಯುತ್ತಿರುವವನು

ಕಿವಿಯ ಮಾತು ಬಹಳ ಸರಿ. ಅದರ ಜೊತೆ ವಿಟಮಿನ್ ಬಿ12, ಥೈರಾಯ್ಡ್, ರಕ್ತದ ಸೋಡಿಯಂ ನೋಡಿಸಿ. ಮನಸ್ಸಿನ ಖಿನ್ನತೆಯೂ ಮನುಷ್ಯನನ್ನು ಹೀಗೇ ನಿಧಾನ ಮಾಡುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ನಡಿಗೆ, ಮೂತ್ರ, ಬುದ್ಧಿ ಮೂರೂ ಒಟ್ಟಿಗೆ ಕೆಟ್ಟಾಗ ಮಿದುಳಿನಲ್ಲಿ ನೀರು ತುಂಬುವ ಇನ್ನೊಂದು ಕಾಯಿಲೆಯೂ ಇರಬಹುದು. ಅದನ್ನು ಸ್ಕ್ಯಾನಿಂಗ್ ನೋಡಿ ಬೇರೆ ಮಾಡುತ್ತಾರೆ. ಫಿಲ್ಮ್ ಜೊತೆ ಸಿಡಿ ಕೂಡ ತಗೊಂಡು ಹೋಗಿ.

ಎಲ್ಲಿಗೆ ಹೋಗಬೇಕು ಅಂದರೆ, ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಮಿದುಳು ಆರೋಗ್ಯದ ಕಾರ್ಯಕ್ರಮ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಎಲ್ಲಿ ಅಂತ ವಿಚಾರಿಸಿ. ಬುದ್ಧಿಯ ಪರೀಕ್ಷೆ ಮಾಡುವಾಗ ಒಂದು ಮಾತು ನೆನಪಿಡಿ, ಮನೆಯಲ್ಲಿ ಆಡುವ ಭಾಷೆಯಲ್ಲೇ ಮಾಡಿಸಿ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮಾಡಿಸಿದ ಪರೀಕ್ಷೆ ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ.

ಶಿಡ್ಲಘಟ್ಟದ ರೀಲರ್ ಮಗ

ಒಂದೂವರೆ ತಿಂಗಳಾಯಿತು. ಏನಾಯಿತು ಅಂತ ಹೇಳಬೇಕು, ನೀವೆಲ್ಲ ಇಷ್ಟು ಬರೆದಿದ್ದೀರಿ.

ಮೊದಲ ವಾರ ಮನೆಯಲ್ಲಿ ಅಳೆದಾಗ 168, 172, 164 ಹೀಗೆ ಬಂತು. ಬರೆದ ಹಾಳೆ ತಗೊಂಡು ಹೋದೆವು. ಈ ಸಲ ನೋಡಿದ ಡಾಕ್ಟರಮ್ಮ ಅರ್ಧ ಗಂಟೆ ಕೂರಿಸಿಕೊಂಡರು. ಮಾತ್ರೆ ಬದಲಾಯಿಸಿದರು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಗಿದೆ. ನೆಗಡಿಗೆ ಅಂತ ಒಂದು ವರ್ಷದಿಂದ ರಾತ್ರಿ ತಗೊಳ್ಳುತ್ತಿದ್ದ ಮಾತ್ರೆ ನಿಲ್ಲಿಸಿದರು. ಸ್ಟೋರ್ ಅಣ್ಣ, ನೀವು ಹೇಳದಿದ್ದರೆ ಆ ಚೀಟಿ ನಾನು ತೋರಿಸುತ್ತಲೇ ಇರಲಿಲ್ಲ.

ಪರೀಕ್ಷೆಯ ವಿಷಯ ಹೇಳಲೇಬೇಕು. 100ರಿಂದ 7 ಕಳೆಯುತ್ತಾ ಹೋಗಿ ಅಂದರು. ಕನ್ನಡದಲ್ಲಿ 93 ಅಂದು ನಿಂತುಬಿಟ್ಟರು. ನಮ್ಮ ಮನೆಮಾತು ತೆಲುಗು ಅಂತ ನಾನು ಹೇಳಿದೆ. ತೆಲುಗಿನಲ್ಲಿ ಕೇಳಿದರು. ನಿಧಾನವಾಗಿ, ಬೆರಳು ಮಡಚುತ್ತಾ, 65ರ ತನಕ ಒಂದೂ ತಪ್ಪದೆ ಹೇಳಿದರು. ಹೇಳಿ ನನ್ನ ಕಡೆ ನೋಡಿದರು. ಗಡಿಯಾರ ಬರೆಯಲು ಕೊಟ್ಟಾಗ ಮಾತ್ರ ಅಂಕಿಗಳೆಲ್ಲ ಒಂದೇ ಕಡೆ ಸೇರಿಕೊಂಡವು. ನಲವತ್ತು ವರ್ಷ ಲೆಕ್ಕದ ಪುಸ್ತಕ ಬರೆದ ಕೈ ಅದು. ನನಗೆ ಅಲ್ಲಿ ಕೂರಲು ಆಗಲಿಲ್ಲ.

ಸಣ್ಣ ರಕ್ತನಾಳದ್ದೇ ತೊಂದರೆ, ಬುದ್ಧಿಯ ಮಟ್ಟ ಸ್ವಲ್ಪ ಇಳಿದಿದೆ, ಡಿಮೆನ್ಷಿಯಾ ಅನ್ನುವ ಹಂತ ಇನ್ನೂ ಅಲ್ಲ ಅಂದರು. ಆರು ತಿಂಗಳಿಗೆ ಮತ್ತೆ ಪರೀಕ್ಷೆ.

ಅಪ್ಪನೇ ಡಾಕ್ಟರಮ್ಮನನ್ನು ಕೇಳಿದರು, "ನಂಗೆ ತಲೆ ಕೆಟ್ಟಿದೆಯಾ ತಾಯಿ?" ಅಂತ. "ಇಲ್ಲ, ದಾರಿ ಸ್ವಲ್ಪ ಇಕ್ಕಟ್ಟಾಗಿದೆ, ಅದಕ್ಕೆ ತಡ ಆಗ್ತಿದೆ ಅಷ್ಟೇ" ಅಂದರು. ಬಸ್ಸಿನಲ್ಲಿ ಬರುವಾಗ ಅಪ್ಪ ಆ ಮಾತನ್ನು ಎರಡು ಸಲ ಹೇಳಿಕೊಂಡರು.

ಕೋಲಾರದ ನಿವೃತ್ತ ಸಿಸ್ಟರ್

ಈಗ ಬಿಪಿ ಎಷ್ಟಿದೆ? ನಿಂತಾಗ ನೋಡಿದೆಯಾ?

ಶಿಡ್ಲಘಟ್ಟದ ರೀಲರ್ ಮಗ

ಇವತ್ತು ಬೆಳಿಗ್ಗೆ ಕೂತಾಗ 134, ನಿಂತಾಗ 128. ಅಮ್ಮ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದಾರೆ.

ನಿನ್ನೆ ಎರಡು ತಿಂಗಳ ಮೇಲೆ ಅಪ್ಪನನ್ನು ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ಹರಾಜಿಗೆ ಒಂದು ಗಂಟೆ ಮೊದಲೇ ಹೋದೆವು. ಒಂದೊಂದೇ ಲಾಟ್ ಹತ್ತಿರ ನಿಂತು, ಗೂಡು ತೆಗೆದು, ಅಲ್ಲಾಡಿಸಿ, ಒತ್ತಿ, ಬೇಕಾದಷ್ಟು ಹೊತ್ತು ತಗೊಂಡು ಬೆಲೆ ಹೇಳಿದರು. ನಾನು ಲಾಟ್ ನಂಬರ್ ಪಕ್ಕ ಬರೆದುಕೊಂಡೆ. ಹರಾಜು ಶುರುವಾದಾಗ ಒತ್ತಿದ್ದು ನಾನು. ಮೂರು ಲಾಟ್ ಸಿಕ್ಕವು. ನಾಲ್ಕನೆಯದಕ್ಕೆ ನಾನು ಇನ್ನೂ ಹತ್ತು ರೂಪಾಯಿ ಏರಿಸಲು ಹೋದಾಗ ಅಪ್ಪ ನನ್ನ ಕೈ ಹಿಡಿದರು. "ಬೇಡ, ಅದ್ರಲ್ಲಿ ವೇಸ್ಟ್ ಜಾಸ್ತಿ ಬರುತ್ತೆ" ಅಂದರು.